ಬೇರೆ ನೀರಿನ ಮರಿಗಳು

ನನ್ನ ಅಕ್ಕ ಕೆಸರಿನ ಟೀಚರು. ಹಾಗೆಂದರೆ ಅವಳಿಗೆ ಕೋಪ ಬರುತ್ತದೆ, ಅದಕ್ಕೇ ನಾನು ಹಾಗೆನ್ನುತ್ತಿದ್ದೆ. ಪ್ರತಿ ಶನಿವಾರ ಮಧ್ಯಾಹ್ನ ಅಗ್ನಿಶಾಮಕ ಠಾಣೆಯ ಮೇಲಿನ ಕೋಣೆಯಲ್ಲಿ ಅವಳ ಕ್ಲಾಸು. ಹೊಳೆ ಕಡಲನ್ನು ಸೇರುವ ಬಾಯಿಗೆ ಅಳಿವೆ ಎನ್ನುತ್ತಾರಲ್ಲ, ಆ ಅಳಿವೆಯ ಸಪ್ಪೆಯುಪ್ಪು ನೀರಿನಲ್ಲಿ ಏನೇನು ಬದುಕಿದೆ, ಅದನ್ನು ಉಳಿಸಿಕೊಳ್ಳುವುದು ಹೇಗೆ ಎನ್ನುವುದು ಪಾಠ. ಫೀಸಿಲ್ಲ, ಪರೀಕ್ಷೆಯಿಲ್ಲ, ಯಾರು ಬೇಕಾದರೂ ಬರಬಹುದು. ಯಾರು ಬೇಕಾದರೂ ಬರಬಹುದು ಎಂದು ಬೋರ್ಡು ಹಾಕಿದ ಕಡೆಗೆ ಯಾರೂ ತಲೆ ಹಾಕುವುದಿಲ್ಲ ಎನ್ನುವುದು ನನ್ನ ಅನುಭವ. ನನ್ನದು ಕನ್ನಡಕದ ಅಂಗಡಿ, ಗಿರಾಕಿಯ ಸ್ವಭಾವ ನನಗೆ ಗೊತ್ತು.

ಆದರೂ ಒಂದಷ್ಟು ಜನ ಬರುತ್ತಿದ್ದರು. ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ ಮೊದಲ ಸಾಲಿನಲ್ಲಿ ಕೂತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಚಪ್ಪಲಿ ಅಂಗಡಿಯವರು ಅಂಗಡಿಯನ್ನು ಸೊಸೆಗೆ ಬಿಟ್ಟು ಬರುತ್ತಿದ್ದರು. ಅವರಿಗೆ ಅಳಿವೆಗಿಂತ ಸೊಸೆಯ ಬಾಯಿಂದ ಸ್ವಲ್ಪ ಬಿಡುವು ಮುಖ್ಯ. ದೋಣಿಗಳ ಇಂಜಿನ್ ರಿಪೇರಿ ಮಾಡುವ ಮೇಸ್ತ್ರಿ ಬರುತ್ತಿದ್ದ, ಗ್ರೀಸ್ ಅಂಟಿದ ಕೈಗಳನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟುಕೊಂಡು ಕೂರುತ್ತಿದ್ದ. ಇನ್ನು ಕೆಲವರು ಫ್ಯಾನಿನ ಗಾಳಿಗೆ ಬಂದವರು. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಅಕ್ಕ ಉದ್ದಕ್ಕೆ ಎಳೆದಾಗ ಗಡಿಯಾರದ ಕಡೆ ನೋಡಿ ಕೆಮ್ಮುವ ಕೆಲಸ ವಹಿಸಿಕೊಂಡಿದ್ದೆ. ಕೆಳಗೆ ಠಾಣೆಯಲ್ಲಿ ಗಂಟೆ ಬಾರಿಸಿ ಬೆಂಕಿಯ ಲಾರಿ ಹೊರಟರೆ ನೆಲವೇ ನಡುಗುತ್ತಿತ್ತು. ಅಕ್ಕ ಮಾತ್ರ ಚಾಕ್‌ಪೀಸು ಕೆಳಗಿಡುತ್ತಿರಲಿಲ್ಲ.

ಅವಳ ಪಾಠದ ಜೀವವೆಲ್ಲ ಒಂದು ಸಿಂಪಿ ದಿಬ್ಬದಲ್ಲಿತ್ತು. ಅಳಿವೆಯ ಒಳಬದಿಗೆ, ಕೋಲ್ಡ್ ಸ್ಟೋರೇಜಿನ ಹಿಂದೆ, ನೀರು ಇಳಿದಾಗ ಮೇಲೇಳುವ ಒಂದು ದಿಬ್ಬ. ಅಗಲ ಒಂದು ಶಾಲೆಯ ಅಂಗಳದಷ್ಟು. ಕಲ್ಲಿನ ರಾಶಿ ಎಂದುಕೊಂಡು ಹತ್ತಿರ ಹೋದರೆ ಕಲ್ಲಲ್ಲ. ಒಂದರ ಮೇಲೊಂದು ಕಚ್ಚಿಕೊಂಡ ಸಿಂಪಿಗಳು, ಸತ್ತವರ ಚಿಪ್ಪಿನ ಮೇಲೆ ಬದುಕಿದವರು. ಸತ್ತವರು, ಬದುಕಿದವರು ಎಂದು ಮನುಷ್ಯರ ಹಾಗೆ ಹೇಳುವುದು ಅಕ್ಕನ ಅಭ್ಯಾಸ, ನನಗೂ ಅಂಟಿದೆ. ಅವು ನೀರನ್ನು ಸೋಸುತ್ತವೆ, ಅವುಗಳ ಸಂದಿಯಲ್ಲಿ ಮೀನಿನ ಮರಿಗಳು ಅಡಗುತ್ತವೆ, ಅಲೆಯ ಪೆಟ್ಟನ್ನು ತಾವು ತಿಂದು ದಂಡೆಯನ್ನು ಉಳಿಸುತ್ತವೆ. ಅಕ್ಕನ ಬಾಯಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಕನ್ನಡಕ ಕೊಳ್ಳಲು ಬಂದವರಿಗೂ ಬಾಯಿಪಾಠ ಒಪ್ಪಿಸಿಬಿಡಬಲ್ಲೆ.

ಹಿಂದೆ ಅಳಿವೆಯ ಉದ್ದಕ್ಕೂ ಇಂಥ ದಿಬ್ಬಗಳಿದ್ದವಂತೆ. ಈಗ ಉಳಿದದ್ದು ಇದೊಂದೇ. ಇನ್ನೊಂದು ಇರುವುದು ಪಕ್ಕದ ಕೊಲ್ಲಿಯಲ್ಲಿ. ಅಲ್ಲಿಯ ಹೆಂಗಸರು ಸಿಂಪಿ ಆರಿಸಿ ಮಾರಿ ಸಂಸಾರ ನಡೆಸುತ್ತಾರೆ.

ದಿಬ್ಬದ ಮೇಲೆ ಎಣಿಕೆ ಮಾಡುವುದು ಕ್ಲಾಸಿನ ಹೊರಗಿನ ಪಾಠ. ಪೈಪಿನಿಂದ ಮಾಡಿದ ಒಂದು ಚೌಕಟ್ಟಿತ್ತು. ದಿಬ್ಬಕ್ಕೆ ಬೆನ್ನು ಹಾಕಿ ನಿಂತು, ಕಣ್ಣು ಮುಚ್ಚಿ, ಅದನ್ನು ಭುಜದ ಮೇಲಿಂದ ಹಿಂದಕ್ಕೆ ಎಸೆಯಬೇಕು. ಅದು ಎಲ್ಲಿ ಬಿತ್ತೋ ಆ ಚೌಕದೊಳಗೆ ಬದುಕಿರುವುದೆಷ್ಟು, ಸತ್ತಿದ್ದೆಷ್ಟು, ಮರಿಗಳೆಷ್ಟು ಎಂದು ನೋಡಬೇಕು. ಕಣ್ಣು ತೆರೆದು ಎಸೆದರೆ ಕೈ ತಾನಾಗಿ ಒಳ್ಳೆಯ ಜಾಗ ಆರಿಸುತ್ತದೆ ಎನ್ನುವುದು ಅಕ್ಕನ ವಾದ. ಚಪ್ಪಲಿ ಅಂಗಡಿಯವರು ಕತ್ತು ಓರೆಮಾಡಿ, ಒಂದು ಕಣ್ಣು ಅರ್ಧ ತೆರೆದಿಟ್ಟುಕೊಂಡೇ ಎಸೆಯುತ್ತಿದ್ದರು. ಆ ಕಣ್ಣಿಗೆ ನಾನೇ ಗಾಜು ಕೊಟ್ಟಿದ್ದು, ಅದರಲ್ಲಿ ಅವರಿಗೆ ಅಷ್ಟು ದೂರ ಏನೂ ಕಾಣದು ಎಂದು ನನಗೆ ಗೊತ್ತಿದ್ದುದರಿಂದ ಸುಮ್ಮನಿದ್ದೆ.

ಬಂದರನ್ನು ಆಳ ಮಾಡುತ್ತಾರೆ ಎಂಬ ಸುದ್ದಿ ಬಂದದ್ದು ಆಗ. ದೊಡ್ಡ ಹಡಗು ಒಳಗೆ ಬರಲು ಹೂಳೆತ್ತಬೇಕು, ಹೂಳೆತ್ತುವ ದಾರಿ ನೇರವಾಗಿ ದಿಬ್ಬದ ಮೇಲೆಯೇ ಹಾದುಹೋಗುತ್ತಿತ್ತು. ಅಕ್ಕ ಬಂದರು ಕಚೇರಿಗೆ ಎಡತಾಕಿದಳು. ಅಲ್ಲಿಯ ಸಾಹೇಬರು ಕೆಟ್ಟವರಲ್ಲ, ನಯವಾಗಿಯೇ ಮಾತಾಡಿದರು.

"ನೋಡೀಮ್ಮ, ಜೀವ ಇರೋ ದಿಬ್ಬ ಆದ್ರೆ ದಾರಿ ಸ್ವಲ್ಪ ಬಗ್ಗಿಸಬಹುದು, ಕಾನೂನಲ್ಲಿ ಜಾಗ ಇದೆ. ಸಾಯ್ತಾ ಇರೋ ದಿಬ್ಬಕ್ಕೆ ನಾನು ಯಾರ ಹತ್ರ ಹೋಗಿ ಕೇಳಲಿ? ಮರಿಗಳು ಹುಟ್ತಾ ಇವೆ ಅಂತ ತೋರಿಸಿ, ಮುಂದಿನದು ನಾನು ನೋಡ್ಕೋತೀನಿ."

ಆ ವರ್ಷ ದಿಬ್ಬದಲ್ಲಿ ಮರಿಗಳೇ ಇರಲಿಲ್ಲ. ಚೌಕಟ್ಟು ಎಲ್ಲಿ ಬಿದ್ದರೂ ಮುದುಕರೇ. ಅಕ್ಕ ಅಂಗೈಯಲ್ಲಿ ಲೆನ್ಸ್ ಹಿಡಿದು ಮಂಡಿಯೂರಿ ಚಿಪ್ಪಿನಿಂದ ಚಿಪ್ಪಿಗೆ ಹುಡುಕುವಾಗ ನನಗೆ ಅವಳ ಮುಖ ನೋಡಲಾಗುತ್ತಿರಲಿಲ್ಲ. ಬೇರೆಯವರಿಗೆ ಅದೊಂದು ದಿಬ್ಬ. ಅವಳು ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿ, ಯಾರೂ ಕೇಳದಿದ್ದರೂ ಇದನ್ನು ತನ್ನ ಮೈಮೇಲೆ ಹಾಕಿಕೊಂಡವಳು. ಅದು ಹೋದರೆ ಅವಳಲ್ಲಿ ಏನು ಉಳಿಯುತ್ತದೆ ಎಂದು ಯೋಚಿಸಲು ನನಗೆ ಭಯವಾಗುತ್ತಿತ್ತು.

ಇನ್ನು ಭಾವ. ಅಕ್ಕನ ಗಂಡ ದೂರದ ರೂಟಿನ ಬಸ್ ಡ್ರೈವರ್ ಆಗಿದ್ದವರು, ಆ ವರ್ಷವಷ್ಟೇ ನಿವೃತ್ತರಾಗಿದ್ದರು. ಮಾತು ಕಡಿಮೆ. ಜೀವಮಾನವಿಡೀ 'ಚಾಲಕರೊಂದಿಗೆ ಮಾತನಾಡಬೇಡಿ' ಎಂಬ ಬೋರ್ಡಿನ ಕೆಳಗೆ ಕೂತು ಅದೇ ರೂಢಿಯಾಗಿದೆ ಎಂದು ನಾನು ಛೇಡಿಸುತ್ತಿದ್ದೆ. ಕೆಲಸದಲ್ಲಿದ್ದಾಗ ಅವರಿಗೆ ಹೆಂಡತಿಯ ಕ್ಲಾಸು ಹೊರಗಿನಿಂದಷ್ಟೇ ಗೊತ್ತು. ಅವಳನ್ನು ಠಾಣೆಯ ಬಾಗಿಲಲ್ಲಿ ಬಿಟ್ಟು ಡಿಪೋಗೆ ಹೋಗುತ್ತಿದ್ದರು. ಈಗ ಪುರುಸೊತ್ತಾಯಿತು, ಮೇಲೆ ಬಂದು ಹಿಂದಿನ ಸಾಲಿನಲ್ಲಿ ಕೂರತೊಡಗಿದರು. ನಿದ್ದೆ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಇಲ್ಲ, ಕತ್ತಲ ರಸ್ತೆ ನೋಡುವವರ ಹಾಗೆ ಕಣ್ಣು ಕೀಲಿಸಿ ಕೇಳುತ್ತಿದ್ದರು.

"ಸಿಂಪಿ ಮರಿಗೆ ಮೊದಲು ಚಿಪ್ಪಿರಲ್ಲ," ಎಂದು ಅಕ್ಕ ಒಂದು ಶನಿವಾರ ಹೇಳಿದಳು. "ನೀರಲ್ಲಿ ತೇಲ್ತಾ ಇರುತ್ತೆ. ಒಂದು ಹಳೇ ಚಿಪ್ಪು ಸಿಕ್ಕರೆ ಅಂಟಿಕೊಳ್ಳುತ್ತೆ, ಆಮೇಲೆ ಸಾಯೋವರೆಗೂ ಅಲ್ಲಾಡಲ್ಲ. ನಮ್ಮ ದಿಬ್ಬದಲ್ಲಿ ಹಳೇ ಚಿಪ್ಪು ಬೇಕಾದಷ್ಟಿದೆ. ಅಂಟಿಕೊಳ್ಳೋಕೆ ಮರಿಗಳೇ ಬರ್ತಿಲ್ಲ."

ಕೊನೆಯ ಮಾತಿಗೆ ಅವಳ ದನಿ ಒಂದಿಷ್ಟು ಒಡೆಯಿತು. ನರ್ಸಮ್ಮ ಅದನ್ನೂ ಬರೆದುಕೊಂಡರು. ಭಾವ ಮಾತ್ರ ತಲೆ ತಗ್ಗಿಸಿ ತಮ್ಮ ಕೈಗಳನ್ನು ನೋಡಿಕೊಂಡರು.

ಅದಾದ ವಾರದಲ್ಲಿ ಭಾವ ಎರಡು ದಿನ ಊರಲ್ಲಿರಲಿಲ್ಲ. ಹಳೆಯ ಸಹೋದ್ಯೋಗಿಯ ಮನೆಗೆ ಹೋಗಿಬರುತ್ತೇನೆ ಎಂದಿದ್ದರು. ವಾಪಸು ಬಂದವರು ನನ್ನ ಅಂಗಡಿಯ ಮೇಲಿರುವ ಮನೆಗೆ ಹೋಗದೆ ನೇರವಾಗಿ ಅಂಗಡಿಗೇ ನುಗ್ಗಿದರು. ಮೊಣಕಾಲವರೆಗೆ ಪ್ಯಾಂಟು ಒದ್ದೆ, ಅಂಗೈಯಲ್ಲಿ ಗೀರು ಗಾಯ, ಮುಖದಲ್ಲಿ ಮಾತ್ರ ಪರೀಕ್ಷೆ ಪಾಸಾದ ಹುಡುಗನ ಕಳೆ.

"ಕನ್ನಡಕದಮ್ಮ, ನಿಮ್ಮಕ್ಕನಿಗೆ ಹೇಳಲ್ಲ ಅಂತ ಮಾತು ಕೊಡು."

"ಏನು ಭಾವ, ಈ ವಯಸ್ಸಲ್ಲಿ ಇನ್ನೊಂದು ಸಂಸಾರವಾ?"

"ಥೂ! ಮರಿ ತಂದು ಹಾಕಿದೆ."

ಅವರ ಹಳೆಯ ರೂಟಿನ ಕೊನೆಯ ಸ್ಟಾಪು ಇನ್ನೊಂದು ಅಳಿವೆಯ ಊರು. ಅಲ್ಲಿ ಸಿಂಪಿ ಸಾಕುವವರು ಹಗ್ಗಕ್ಕೆ ಚಿಪ್ಪು ಪೋಣಿಸಿ ನೀರಿಗೆ ಇಳಿಬಿಟ್ಟು, ಅದರ ಮೇಲೆ ಮರಿ ಹಿಡಿಸಿ ಮಾರುತ್ತಾರೆ. ಭಾವ ಅದನ್ನು ಗೋಣಿಗಳಲ್ಲಿ ತುಂಬಿಸಿ, ಒದ್ದೆ ಬಟ್ಟೆ ಹೊದಿಸಿ, ತಮ್ಮ ಹಳೆಯ ಬಸ್ಸಿನ ಡಿಕ್ಕಿಯಲ್ಲೇ ಹೇರಿಕೊಂಡು ಬಂದಿದ್ದರು. ಬೆಳಿಗ್ಗೆ ನೀರು ಇಳಿದಾಗ ಒಬ್ಬರೇ ದಿಬ್ಬಕ್ಕೆ ಹೋಗಿ, ಹಗ್ಗ ಬಿಚ್ಚಿ, ಒಂದೊಂದೇ ಚಿಪ್ಪನ್ನು ಸಂದಿಗಳಲ್ಲಿ ಸಿಕ್ಕಿಸಿದ್ದರು. ತೋಟಕ್ಕೆ ಸಸಿ ನೆಟ್ಟ ಹಾಗೆ, ಎಂದರು. ಯಾವ ಸಂದಿಯಲ್ಲಿ ಅಲೆಯ ಪೆಟ್ಟು ಕಡಿಮೆ ಎನ್ನುವುದನ್ನು ಕ್ಲಾಸಿನಲ್ಲಿ ಅಕ್ಕ ಬರೆದ ಚಿತ್ರ ನೆನಪಿಟ್ಟುಕೊಂಡು ಆರಿಸಿದ್ದರಂತೆ.

"ಅವತ್ತು ಮನೇಲಿ ಅವಳು ಕಣ್ಣೀರು ಹಾಕಿದ್ದು ನೋಡಕ್ಕಾಗ್ಲಿಲ್ಲ ಕಣಮ್ಮ. ಮರಿ ತಾನೇ ಬೇಕು? ತಂದೆ. ದಾರಿ ಬಗ್ಗಿಸ್ತೀವಿ ಅಂತ ಸಾಹೇಬರು ಬರೆದು ಕೊಟ್ಟ ದಿನ ನಾನೇ ಹೇಳ್ತೀನಿ."

ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಈ ಮನುಷ್ಯನನ್ನು ಬೆಪ್ಪುತಕ್ಕಡಿ ಎಂದುಕೊಂಡಿದ್ದೆನಲ್ಲ ಎನಿಸಿತು. ಅವರ ಅಂಗೈಯ ಗಾಯಕ್ಕೆ ಔಷಧಿ ಹಚ್ಚಿ, ತುಟಿ ಬಿಚ್ಚುವುದಿಲ್ಲ ಎಂದು ಮಾತು ಕೊಟ್ಟೆ.

ಮುಂದಿನ ಎಣಿಕೆಯ ದಿನ ಚೌಕಟ್ಟನ್ನು ಮೇಸ್ತ್ರಿ ಎಸೆದ. ಅಕ್ಕ ಮಂಡಿಯೂರಿ ಲೆನ್ಸ್ ಹಿಡಿದಳು. ಆಮೇಲೆ ಬೆರಳಿನಿಂದ ಒಂದು ಚಿಪ್ಪನ್ನು ಮುಟ್ಟಿ, "ಇಲ್ಲಿ ಬನ್ನಿ, ಎಲ್ಲರೂ ಬನ್ನಿ" ಎಂದು ಕೂಗಿದಳು. ಉಗುರಿನಷ್ಟು ಅಗಲದ ಮರಿಗಳು, ಅಂಚು ಇನ್ನೂ ಕಾಗದದ ಹಾಗೆ ತೆಳ್ಳಗೆ. ಇನ್ನೊಂದು ಸಲ ಚಪ್ಪಲಿ ಅಂಗಡಿಯವರು ಎಸೆದರು, ಅಲ್ಲೂ ಇದ್ದವು. ನರ್ಸಮ್ಮ ಚಪ್ಪಾಳೆ ತಟ್ಟಿದರು. ಚಪ್ಪಲಿ ಅಂಗಡಿಯವರು ತಾವು ಕಣ್ಣು ಮುಚ್ಚಿಯೇ ಎಸೆದದ್ದೆಂದು ಆಣೆ ಮಾಡಿದರು. ಅಕ್ಕ ಕೆಸರು ಮೆತ್ತಿದ ಕೈಯಲ್ಲೇ ಭಾವನ ತೋಳು ಹಿಡಿದು, "ನೋಡಿದ್ರಾ, ನೋಡಿದ್ರಾ ರೀ" ಎಂದಳು. ಭಾವ "ಹೂಂ" ಎಂದರು. ಆ ಒಂದು "ಹೂಂ"ನಲ್ಲಿ ಇದ್ದ ಖುಷಿಯನ್ನು ನಾನೊಬ್ಬಳೇ ಪೂರ್ತಿ ಕೇಳಿಸಿಕೊಂಡೆ.

ಸಾಹೇಬರು ಬೂಟು ಕೈಯಲ್ಲಿ ಹಿಡಿದುಕೊಂಡು ದಿಬ್ಬದವರೆಗೆ ಬಂದರು. ನೋಡಿದರು, ಫೋಟೋ ತೆಗೆಸಿಕೊಂಡರು, ಮೇಲಿನವರಿಗೆ ಬರೆಯುತ್ತೇನೆ ಎಂದರು. ಆ ತಿಂಗಳು ನಮ್ಮ ಮನೆಯಲ್ಲಿ ಅಕ್ಕ ಹಾಡು ಗುನುಗುತ್ತಾ ಮೆಟ್ಟಿಲು ಇಳಿಯುತ್ತಿದ್ದಳು, ರಾಗ ತಪ್ಪಿದರೂ ನಾನು ಏನೂ ಅನ್ನಲಿಲ್ಲ.

ಬಿಸಿಲು ಏರಿ ನೀರು ಬೆಚ್ಚಗಾದ ಮೇಲೆ ಸಾವು ಶುರುವಾಯಿತು. ಮೊದಲು ಸತ್ತದ್ದು ಮರಿಗಳಲ್ಲ, ಹಳಬರು. ಬದುಕಿರುವ ಸಿಂಪಿ ನೀರು ಇಳಿದೊಡನೆ ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಇವು ತೆರೆದುಕೊಂಡೇ ಇದ್ದವು, ಒಳಗೆ ತೆಳ್ಳಗೆ ನೀರಾದ ಮಾಂಸ. ದಿಬ್ಬಕ್ಕೆ ಹೋಗುವ ದಾರಿಯಲ್ಲೇ ವಾಸನೆ ಹೊಡೆಯುತ್ತಿತ್ತು. ಅಕ್ಕ ಕೋಲ್ಡ್ ಸ್ಟೋರೇಜಿನವರು ಏನೋ ಬಿಟ್ಟಿದ್ದಾರೆ ಎಂದುಕೊಂಡಳು, ಅವರೊಂದಿಗೆ ಜಗಳವಾಡಿ ಬಂದಳು. ನೀರನ್ನು ಪರೀಕ್ಷೆ ಮಾಡಿಸಿದಳು. ನೀರು ಚೆನ್ನಾಗಿಯೇ ಇತ್ತು. ಕೊನೆಗೆ ಸತ್ತದ್ದು ಒಂದಷ್ಟು, ಬದುಕಿದ್ದು ಒಂದಷ್ಟು, ಮರಿಗಳು ಒಂದಷ್ಟು, ಎಲ್ಲವನ್ನೂ ಐಸಿನಲ್ಲಿಟ್ಟು ಲ್ಯಾಬಿಗೆ ಕಳಿಸಿದಳು.

ಭಾವನ ಊಟ ಕಡಿಮೆಯಾಯಿತು. ಒಂದು ದಿನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು.

"ಮರಿಗಳು ಚೆನ್ನಾಗಿವೆ. ಹಳೇವು ಯಾಕಮ್ಮ ಸಾಯ್ತಿವೆ?"

"ವಯಸ್ಸಾಗಿತ್ತೇನೋ ಭಾವ."

ಆ ಉತ್ತರ ಅವರಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ. ಇಬ್ಬರೂ ರಸ್ತೆ ನೋಡುತ್ತಾ ಕೂತೆವು.

ಆ ಶನಿವಾರದ ಕ್ಲಾಸಿಗೆ ಎಂದಿಗಿಂತ ಹೆಚ್ಚು ಜನ ಬಂದಿದ್ದರು. ಸಾವು ಎಂದರೆ ಜನ ಸೇರುತ್ತಾರೆ. ಅಕ್ಕ ಹಲಗೆಯ ಮುಂದೆ ನಿಂತಳು. ಅವಳು ಏನಾದರೂ ಹೇಳುವ ಮುಂಚೆ ಕೈಯೊರೆಸಿಕೊಳ್ಳುವ ಅಭ್ಯಾಸದವಳು, ಅವತ್ತು ಕೈಗೆ ಏನೂ ಅಂಟಿರದಿದ್ದರೂ ಒರೆಸಿಕೊಳ್ಳುತ್ತಲೇ ಇದ್ದಳು.

"ಲ್ಯಾಬಿನಿಂದ ಫೋನ್ ಬಂದಿತ್ತು," ಎಂದಳು. "ಇದು ಒಂದು ರೋಗ. ಕಣ್ಣಿಗೆ ಕಾಣದ ಒಂದು ಹುಳ ಅಂದ್ಕೊಳ್ಳಿ. ತಿನ್ನೋ ಮನುಷ್ಯರಿಗೆ ಏನೂ ಮಾಡಲ್ಲ. ನಮ್ಮ ಸಿಂಪಿಗಳು ಇದನ್ನ ಯಾವತ್ತೂ ಕಂಡಿಲ್ಲ, ಅದಕ್ಕೇ ತಡೆದುಕೊಳ್ಳೋಕೆ ಆಗ್ತಿಲ್ಲ. ಬೇರೆ ಕಡೆಯ ಸಿಂಪಿಗಳಿಗೆ ಇದು ತಲೆತಲಾಂತರದಿಂದ ಅಭ್ಯಾಸ. ಮೈಯಲ್ಲಿ ಇಟ್ಟುಕೊಂಡೇ ಆರಾಮಾಗಿರ್ತವೆ."

ಅವಳು ಮತ್ತೆ ಕೈಯೊರೆಸಿಕೊಂಡಳು.

"ನಾವು ನೋಡಿ ಖುಷಿಪಟ್ಟ ಮರಿಗಳು ನಮ್ಮ ದಿಬ್ಬದವಲ್ಲ. ಬೇರೆ ನೀರಿನವು. ಯಾರೋ ತಂದು ಹಾಕಿದ್ದಾರೆ."

ಕೋಣೆಯಲ್ಲಿ ಗುಜುಗುಜು ಎದ್ದಿತು. ನಾನು ಹಿಂದಿನ ಸಾಲಿನ ಕಡೆ ತಿರುಗಲಿಲ್ಲ, ತಿರುಗಲು ಕತ್ತು ಒಪ್ಪಲಿಲ್ಲ.

"ಒಂದು ನೀರಿನ ಜೀವವನ್ನ ಇನ್ನೊಂದು ನೀರಿಗೆ ಹಾಕಬಾರದು," ಎಂದು ಅಕ್ಕ ಮುಂದುವರಿಸಿದಳು. "ಇದು ನಮ್ಮ ಪಾಠದಲ್ಲಿ ಕೊನೆಗೆ ಬರೋದು. ಬೇಡ ಬೇಡ ಅನ್ನೋದರಿಂದ ಶುರು ಮಾಡಿದರೆ ಜನ ಎರಡನೇ ಶನಿವಾರ ಬರಲ್ಲ ಅಂತ ನಾನು ಅದನ್ನ ಯಾವಾಗಲೂ ಕೊನೆಗೇ ಇಟ್ಟುಕೊಳ್ತೀನಿ."

"ಯಾವ ಪಾಪಿ ಮಾಡಿದ್ದು ಇದನ್ನ?" ಎಂದರು ನರ್ಸಮ್ಮ.

"ಬಂದರಿನವರೇ ಮಾಡಿಸಿರ್ತಾರೆ," ಎಂದರು ಚಪ್ಪಲಿ ಅಂಗಡಿಯವರು. "ದಿಬ್ಬ ಸತ್ತರೆ ಅವರಿಗೆ ತಾನೇ ಲಾಭ? ನಮ್ಮೊಳಗಿನವರನ್ನೇ ಯಾರನ್ನೋ ಹಿಡಿದಿರ್ತಾರೆ. ಸಿಂಪಿ ಸಾಕೋ ಆ ಕಡೆ ಊರಿಗೆ ವಾರ ವಾರ ಹೋಗಿಬರೋರು ಯಾರು ಹೇಳಿ?"

ಎಲ್ಲರ ಕಣ್ಣೂ ಮೇಸ್ತ್ರಿಯ ಮೇಲೆ ಬಿತ್ತು. ಅವನು ಬಂದರಿನ ದೋಣಿಗಳನ್ನೂ ರಿಪೇರಿ ಮಾಡುತ್ತಿದ್ದ, ಆ ಊರಿಗೂ ಹೋಗುತ್ತಿದ್ದ. ಮೊದಲು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕಪ್ಪಿಟ್ಟಿತು.

"ನಾನು ಇಂಜಿನ್ ಬಿಚ್ಚೋನು ಸ್ವಾಮಿ. ನನ್ನ ಮೇಲೆ ಯಾಕೆ?"

"ನಿನ್ನ ಮೇಲೆ ಅಂತ ಯಾರು ಹೇಳಿದ್ರು? ಕುಂಬಳಕಾಯಿ ಕಳ್ಳನ ಥರ ಹೆಗಲು ಯಾಕೆ ಮುಟ್ಟಿ ನೋಡ್ಕೋತೀಯಾ?"

ಮೇಸ್ತ್ರಿ ಎದ್ದುನಿಂತ, ಕುರ್ಚಿ ಹಿಂದಕ್ಕೆ ಉರುಳಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಭಾವನ ದನಿ ಬಂತು.

"ಅವನನ್ನ ಬಿಡಿ. ತಂದು ಹಾಕಿದ್ದು ನಾನು."

ಬಸ್ಸಿನಲ್ಲಿ ಒಮ್ಮೆ ಬ್ರೇಕ್ ಹಾಕಿದ ಹಾಗೆ ಇಡೀ ಕೋಣೆ ಮುಂದಕ್ಕೆ ವಾಲಿ ನಿಂತುಬಿಟ್ಟಿತು. ಭಾವ ಎರಡೂ ಕೈಗಳಿಂದ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದರು.

"ಮರಿ ಇಲ್ಲ ಅಂತ ನೀನು... ಅಂಟಿಕೊಳ್ಳೋಕೆ ಚಿಪ್ಪಿದೆ, ಮರಿ ಇಲ್ಲ ಅಂದೆಯಲ್ಲ. ಅದಕ್ಕೆ ತಂದೆ."

ಅಕ್ಕ ಗಂಡನನ್ನು ನೋಡಿದಳು. ಈಗ ಕಿರುಚುತ್ತಾಳೆ ಎಂದುಕೊಂಡೆ, ಇಲ್ಲವೇ ಕುಸಿಯುತ್ತಾಳೆ. ಎರಡೂ ಆಗಲಿಲ್ಲ. ಅವಳು ಪಾಠ ಮಾಡುವ ದನಿಯಲ್ಲೇ ಕೇಳಿದಳು.

"ಎಲ್ಲೆಲ್ಲಿ ಹಾಕಿದಿರಿ?"

"ನೀನು ಚಿತ್ರ ಬರೆದಿದ್ದೆಯಲ್ಲ, ಅಲೆ ಕಡಿಮೆ ಇರೋ ಕಡೆ."

"ಬಂದು ತೋರಿಸಿ."

ಹಲಗೆಯ ಮೇಲೆ ದಿಬ್ಬದ ನಕ್ಷೆಯಿತ್ತು. ಭಾವ ಕುರ್ಚಿಗಳ ಸಾಲುಗಳ ನಡುವೆ ನಡೆದು ಬಂದರು, ಜನ ಕಾಲು ಮಡಚಿಕೊಂಡು ದಾರಿ ಬಿಟ್ಟರು. ಅಕ್ಕ ಚಾಕ್‌ಪೀಸು ಕೊಟ್ಟಳು. ಅವರು ಗುರುತು ಹಾಕತೊಡಗಿದರು, ಒಂದು ಕಡೆಯೂ ತಡವರಿಸಲಿಲ್ಲ. ರೂಟಿನ ಸ್ಟಾಪುಗಳನ್ನು ನೆನಪಿಟ್ಟುಕೊಂಡವರಿಗೆ ಇದೇನು ದೊಡ್ಡದು? ಗುರುತುಗಳು ಇಡೀ ದಿಬ್ಬದ ಮೇಲೆ ಹರಡಿಕೊಂಡವು. ಎಷ್ಟು ಶ್ರದ್ಧೆಯಿಂದ ಹಾಕಿದ್ದರೆಂದರೆ, ರೋಗ ತಲುಪದೆ ಉಳಿಯಬಹುದಾದ ಒಂದು ಮೂಲೆಯೂ ಇರಲಿಲ್ಲ.

ಅಕ್ಕ ಹಲಗೆಯನ್ನು ನೋಡಿ ತಲೆಯಾಡಿಸಿದಳು. ಆಮೇಲೆ ಕ್ಲಾಸಿನ ಕಡೆ ತಿರುಗಿ, ಪಕ್ಕದ ಕೊಲ್ಲಿಗೆ ಇನ್ನೂ ರೋಗ ಹೋಗಿಲ್ಲವೆಂದೂ, ನೀರು ಇನ್ನಷ್ಟು ಬೆಚ್ಚಗಾದರೆ ಹೋಗುತ್ತದೆಂದೂ ಹೇಳಿದಳು. ಅಲ್ಲಿ ಸಿಂಪಿ ಸತ್ತರೆ ಆ ಹೆಂಗಸರ ಮನೆಗಳಲ್ಲಿ ಒಲೆ ಉರಿಯುವುದಿಲ್ಲ. ಇರುವುದು ಒಂದೇ ದಾರಿ. ದಿಬ್ಬವನ್ನು ಕಿತ್ತು, ಸತ್ತದ್ದು, ಬದುಕಿದ್ದು, ಮರಿ ಎಲ್ಲವನ್ನೂ ನೀರು ತಲುಪದ ಕಡೆ ಹೂಳಬೇಕು.

"ಯಾರು ಯಾರು ಬರ್ತೀರಿ?" ಎಂದು ಕೇಳಿದಳು.

ಮೊದಲು ಕೈ ಎತ್ತಿದವನು ಮೇಸ್ತ್ರಿ.

ಮನೆಯಲ್ಲಿ ಜಗಳವಾಗಲಿಲ್ಲ. ನಾನು ಕೆಳಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೈಯೆಲ್ಲ ಕಿವಿಯಾಗಿ ಕೂತಿದ್ದೆ, ಮೇಲಿಂದ ಒಂದು ಪಾತ್ರೆ ಬಿದ್ದ ಸದ್ದೂ ಬರಲಿಲ್ಲ. ಅಕ್ಕನ ಮೇಲೆ ನನಗೆ ಸಿಟ್ಟು ಬಂತು. ನಾಲ್ಕು ಮಾತು ಬೈದುಬಿಡಬಾರದೇ? ಬೈದರೆ ಆ ಮನುಷ್ಯ ಕೂತು ಅಳುತ್ತಿದ್ದರು, ಅತ್ತರೆ ಊಟ ಸೇರುತ್ತಿತ್ತು. ಅವಳು ಅವರಿಗೆ ಬಡಿಸಿದಳು, ಬಟ್ಟೆ ಮಡಚಿಟ್ಟಳು, ನಾಳೆ ನೀರು ಯಾವಾಗ ಇಳಿಯುತ್ತದೆ ಎಂದು ಹೇಳಿದಳು. ಭಾವ ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದರು. ಮರುದಿನ ನಾನೇ ತಡೆಯಲಾರದೆ ಮೆಟ್ಟಿಲ ಹತ್ತಿರ ಅಕ್ಕನನ್ನು ಅಡ್ಡಗಟ್ಟಿದೆ.

"ನನಗೂ ಗೊತ್ತಿತ್ತು ಅಕ್ಕಾ. ಅವರು ಹೇಳಿದ್ರು. ನನ್ನನ್ನಾದ್ರೂ ಬೈಯಿ."

"ನಿನಗೆ ಬೂಟು ಇದೆಯಾ? ಚಿಪ್ಪು ಕಾಲು ಕುಯ್ಯುತ್ತೆ," ಎಂದಳು.

ಸಾಹೇಬರಿಗೆ ವಿಷಯ ಹೇಳಲು ಅವಳ ಜೊತೆ ನಾನೇ ಹೋದೆ. ಅವರು ನಿಜಕ್ಕೂ ಬೇಸರ ಮಾಡಿಕೊಂಡರು. ನಮಗೆ ಟೀ ತರಿಸಿದರು. ದಿಬ್ಬ ಕೀಳುವುದಕ್ಕೆ ಅನುಮತಿ ಸಿಗಲು ಎಷ್ಟು ದಿನ ಬೇಕಾಗುತ್ತದೋ ಎಂದು ನಾವು ಹೆದರಿದ್ದೆವು. ಅಲ್ಲೇ ಕೂತಲ್ಲೇ ಸಿಕ್ಕಿತು.

"ನೀವೇ ತೆಗೆದುಬಿಟ್ಟರೆ ನಮ್ಮ ಕೆಲಸ ಸಲೀಸಾಯ್ತು," ಎಂದು ಬಾಯಿತಪ್ಪಿ ಅಂದರು. ಆಮೇಲೆ ತಾವೇ ನಾಚಿ ಫೈಲು ಮುಚ್ಚಿದರು. ಅಕ್ಕ ಟೀ ಪೂರ್ತಿ ಕುಡಿದು, ಥ್ಯಾಂಕ್ಸ್ ಹೇಳಿ ಎದ್ದಳು. ನಾನಾಗಿದ್ದರೆ ಆ ಕಪ್ಪನ್ನು ಗೋಡೆಗೆ ಬೀಸಿರುತ್ತಿದ್ದೆ.

ನೀರು ಇಳಿದಾಗಲೆಲ್ಲ ಕಿತ್ತೆವು. ಹಾರೆ, ಗುದ್ದಲಿ, ಕಬ್ಬಿಣದ ಸಲಾಕೆ, ಏನು ಸಿಕ್ಕರೆ ಅದು. ದಿಬ್ಬ ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಅಜ್ಜ ಮುತ್ತಜ್ಜಂದಿರ ಮೇಲೆ ಕಚ್ಚಿಕೊಂಡು ಕೂತ ಚಿಪ್ಪುಗಳು, ಒಂದನ್ನು ಎಬ್ಬಿಸಿದರೆ ಹತ್ತು ಒಡೆಯುತ್ತಿದ್ದವು. ಸಂದಿಗಳಲ್ಲಿದ್ದ ಪುಟ್ಟ ಏಡಿಗಳು ಎಲ್ಲಿ ಹೋಗಬೇಕೆಂದು ತಿಳಿಯದೆ ನಮ್ಮ ಬೂಟಿನ ಮೇಲೆ ಹತ್ತುತ್ತಿದ್ದವು. ನರ್ಸಮ್ಮ ಅವನ್ನು ಬಕೆಟಿನಲ್ಲಿ ಹಿಡಿದು, ಆಚೆ ಬಿಡಲು ಹೊರಟು, ಬಿಡಬಹುದೋ ಬಾರದೋ ಎಂದು ಅಕ್ಕನ ಮುಖ ನೋಡಿದರು. ಅಕ್ಕ ಬೇಡವೆಂದು ತಲೆಯಾಡಿಸಿದಳು. ಎಲ್ಲರಿಗಿಂತ ಹೆಚ್ಚು ಮೈ ಸವೆಸಿ ದುಡಿದವರು ಭಾವ. ಚಪ್ಪಲಿ ಅಂಗಡಿಯವರು ಮೊದಲ ದಿನ ಅವರ ಜೊತೆ ಮಾತಾಡಲಿಲ್ಲ; ಎರಡನೆಯ ದಿನ ಅವರ ಕೈ ನೋಡಿ ತಮ್ಮ ಕೈಗವಸು ಬಿಚ್ಚಿ ಕೊಟ್ಟರು. ಭಾವ ಅದನ್ನು ತೆಗೆದುಕೊಳ್ಳಲಿಲ್ಲ.

ಮೇಲೆ, ಕೋಲ್ಡ್ ಸ್ಟೋರೇಜಿನ ಕಾಂಪೌಂಡಿನಲ್ಲಿ, ಸುಣ್ಣ ಹಾಕಿದ ಹೊಂಡ ತೋಡಿಸಿದ್ದರು. ಪ್ರತಿ ದಿನ ಕೆಲಸ ಶುರುವಾಗುವ ಮುಂಚೆ ಅಕ್ಕ ಒಂದೇ ಮಾತು ಹೇಳುತ್ತಿದ್ದಳು: ಇಲ್ಲಿಂದ ಹೋದ ಯಾವುದೂ ಮತ್ತೆ ನೀರು ಮುಟ್ಟಬಾರದು. ಬೂಟಾಗಲಿ ಗುದ್ದಲಿಯಾಗಲಿ ಹೊಳೆಯಲ್ಲಿ ತೊಳೆಯಬಾರದು.

ಕೊನೆಯ ದಿನ ಉಳಿದದ್ದು ಒಂದು ಮೂಲೆ. ಉಳಿದವರೆಲ್ಲ ಮೇಲೆ ಹೊಂಡದ ಹತ್ತಿರವಿದ್ದರು, ನೀರು ಏರತೊಡಗಿತ್ತು. ಭಾವ ಬುಡದಿಂದ ಸಿಂಪಿಗಳ ಒಂದು ದೊಡ್ಡ ಗಂಟನ್ನು ಎಬ್ಬಿಸಿದರು, ಅದನ್ನು ತಿರುಗಿಸಿ ನೋಡಿ, ಎದೆಗೆ ಒತ್ತಿ ಹಿಡಿದುಕೊಂಡು ಅಕ್ಕನ ಹತ್ತಿರ ಓಡಿಬಂದರು. ಆ ವಯಸ್ಸಿನಲ್ಲಿ ಅವರು ಕೆಸರಿನಲ್ಲಿ ಓಡಿದ್ದನ್ನು ನೋಡಿ ಜಾರಿದರೆ ಹಿಡಿಯೋಣವೆಂದು ನಾನು ಎರಡು ಹೆಜ್ಜೆ ಮುಂದಿಟ್ಟೆ.

"ಇವು ಸತ್ತಿಲ್ಲ ಕಣೇ! ನೋಡು, ನಮ್ಮವೇ, ಹಳೇವು. ಬಾಯಿ ಮುಚ್ಚಿಕೊಂಡಿವೆ."

ಅಕ್ಕ ಬೆರಳ ಗೆಣ್ಣಿನಿಂದ ತಟ್ಟಿದಳು. ಅವು ಬಿಗಿಯಾಗಿಯೇ ಇದ್ದವು. ಎಲ್ಲ ಸತ್ತಲ್ಲಿ ಒಂದು ಹಿಡಿಯಷ್ಟು ಬದುಕಿದ್ದವು.

"ರೋಗ ತಡೆದುಕೊಂಡಿರಬೇಕು, ಅಲ್ವಾ? ಇವನ್ನ ಇಟ್ಟುಕೊಂಡರೆ ಇವುಗಳ ಮರಿ ಆಗುತ್ತೆ, ಅವಕ್ಕೂ ರೋಗ ತಗಲಲ್ಲ. ಹೌದು ತಾನೇ?"

"ಇರಬಹುದು," ಎಂದಳು ಅಕ್ಕ. "ತಡೆದುಕೊಂಡಿರಬಹುದು. ರೋಗ ಹೊತ್ತುಕೊಂಡು ಇನ್ನೂ ಸಾಯದೇ ಇರಬಹುದು."

"ಲ್ಯಾಬಿಗೆ ಕಳಿಸು."

"ಲ್ಯಾಬಿನವರು ಬಾಯಿ ಬಿಡಿಸಿಯೇ ನೋಡಬೇಕು ರೀ. ನೋಡಿದ ಮೇಲೆ ಬದುಕಲ್ಲ."

"ಹಾಗಾದರೆ ಇಲ್ಲೇ ಬಿಡೋಣ. ಇಷ್ಟನ್ನ. ಇಷ್ಟೇ ಇಷ್ಟನ್ನ."

ಅಕ್ಕ ಪಕ್ಕದ ಕೊಲ್ಲಿಯ ಕಡೆ ನೋಡಿದಳು. ಅಲ್ಲಿ ಹೆಂಗಸರು ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಬಗ್ಗಿ ಆರಿಸುತ್ತಿದ್ದರು, ಇಲ್ಲಿಂದ ಬೆನ್ನುಗಳು ಮಾತ್ರ ಕಾಣುತ್ತಿದ್ದವು. ಅವಳು ಬಹಳ ಹೊತ್ತು ನೋಡಿದಳು. ಬಿಡು ಅಕ್ಕಾ, ಒಂದು ಹಿಡಿ ತಾನೇ, ಎಂದು ನನ್ನ ಬಾಯಿಯವರೆಗೂ ಬಂತು. ಹೇಳಲಿಲ್ಲ. ಹೇಳುವ ಹಕ್ಕು ನನಗಿದೆ ಎನಿಸಲಿಲ್ಲ.

"ಹೊಂಡಕ್ಕೆ ಹಾಕಿ," ಎಂದಳು.

ಭಾವ ಕದಲಲಿಲ್ಲ. ಅವಳು ಕೈ ಚಾಚಿದಳು. ಅವರು ಕೊಡಲಿಲ್ಲ. ತಾವೇ ಹೊತ್ತುಕೊಂಡು ಮೇಲೆ ಹತ್ತಿದರು, ನಾವಿಬ್ಬರೂ ಹಿಂದೆ ಹೋದೆವು. ಹೊಂಡದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಎಸೆಯದೆ, ಕೈ ಚಾಚಿ ಸುಣ್ಣದ ಮೇಲೆ ಇಟ್ಟರು. ಮೇಸ್ತ್ರಿ ಒಂದು ಸಲಿಕೆ ಸುಣ್ಣವನ್ನು ಅದರ ಮೇಲೆ ಸುರಿದು, ಬೇಗ ಆಚೆ ಸರಿದುಬಿಟ್ಟ.

ಭಾವ ಎದ್ದರು. ಎಲ್ಲರ ಎದುರಿಗೇ ಹೆಂಡತಿಯ ಮುಂದೆ ಬಂದು ನಿಂತರು.

"ಇವತ್ತಾದರೂ ಬೈಯೇ. ಏನಾದರೂ ಅನ್ನು. ಹೊಡಿ ಬೇಕಾದರೆ."

ಅಕ್ಕನಿಗೆ ಆಗ ಅಳು ಬಂತು. ಲ್ಯಾಬಿನ ಫೋನ್ ಬಂದ ದಿನದಿಂದ ಕಟ್ಟಿಟ್ಟಿದ್ದೆಲ್ಲ ಒಮ್ಮೆಗೇ ಬಂತು, ಮುಖ ಮುಚ್ಚಿಕೊಳ್ಳಲೂ ಇಲ್ಲ ಅವಳು.

"ಬೈಯೋಕೆ ನಿಮ್ಮಲ್ಲಿ ಒಂದು ತಪ್ಪು ಹುಡುಕ್ತಾನೇ ಇದ್ದೀನಿ ರೀ," ಎಂದಳು. "ನಾನು ಹೇಳಿಕೊಟ್ಟಿದ್ದನ್ನೇ ಮಾಡಿದ್ದೀರಿ, ನನ್ನ ಕ್ಲಾಸಿನಲ್ಲಿ ಯಾರೂ ಮಾಡದಷ್ಟು ಚೆನ್ನಾಗಿ ಮಾಡಿದ್ದೀರಿ. ಒಂದು ತಪ್ಪು ಸಿಕ್ಕಿದ್ದರೆ ಬದುಕಿಕೊಳ್ತಿದ್ದೆ."

ಭಾವ ತಮ್ಮ ಗುದ್ದಲಿ ಎತ್ತಿಕೊಂಡು, ಅಭ್ಯಾಸಬಲದಿಂದ ತೊಳೆಯಲು ನೀರಿನ ಕಡೆ ಇಳಿದರು. ದಿಬ್ಬವಿದ್ದ ಜಾಗವನ್ನು ಆಗಲೇ ನೀರು ಮುಚ್ಚಿತ್ತು, ಅಲೆಗಳು ಎಲ್ಲೂ ಒಡೆಯದೆ ಸೀದಾ ದಂಡೆಗೆ ಬಂದು ಬಡಿಯುತ್ತಿದ್ದವು. ಅಂಚಿನವರೆಗೆ ಹೋದವರು ಅಲ್ಲೇ ನಿಂತರು. ಆಮೇಲೆ ಗುದ್ದಲಿಯನ್ನು ನೀರಿಗೆ ತಾಕಿಸದೆ, ಕೆಸರು ಮೆತ್ತಿದ್ದನ್ನು ಹಾಗೆಯೇ ಹೆಗಲ ಮೇಲಿಟ್ಟುಕೊಂಡು ವಾಪಸು ಬಂದರು.